ಲೋಬಾನದ ಮೂಟೆ, ಮಲಾಕದ ಕಡಲು

ಆ ಸುದ್ದಿಯನ್ನು ಕನ್ನಡಕ್ಕೆ ತಂದವಳು ನಾನೇ. ಇಂಗ್ಲಿಷಿನಲ್ಲಿ ಏಳು ಸಾಲು ಬಂದಿತ್ತು, ನಾಲ್ಕಕ್ಕೆ ಇಳಿಸಿದೆ. ಸುಮಾತ್ರ ದ್ವೀಪದಿಂದ ಮಲಾಕದ ಕಡೆಗೆ ಹೊರಟಿದ್ದ ಮರದ ದೋಣಿಯೊಂದು ಬೆಳಗಿನ ಜಾವದ ಬಿರುಗಾಳಿಗೆ ಸಿಕ್ಕಿ ಮಗುಚಿದೆ. ಸರಕಿನ ಜೊತೆ ಕೂಲಿ ಹುಡುಕಿಕೊಂಡು ಹೊರಟವರೂ ಅದರಲ್ಲಿದ್ದರು. ಸತ್ತವರೆಷ್ಟು, ಉಳಿದವರೆಷ್ಟು ತಿಳಿದಿಲ್ಲ. 'ದೋಣಿ ಮುಳುಗಡೆ: ಹಲವರು ಕಣ್ಮರೆ' ಎಂದು ತಲೆಬರಹ ಕೊಟ್ಟು, ಮೂರನೇ ಪುಟದ ಕೆಳಮೂಲೆಗೆ ಗುರುತು ಹಾಕಿ ಕಳಿಸಿದೆ. ಮುಂದಿನ ಸುದ್ದಿ ಎತ್ತಿಕೊಂಡೆ. ಅದು ನಂಜನಗೂಡು ರಸ್ತೆಯ ಲಾರಿ ಅಪಘಾತ. ಅದರ ಎರಡನೇ ಸಾಲಿನಲ್ಲಿ ಕೈ ನಿಂತಿತು.

ನನ್ನ ಚಿಕ್ಕಪ್ಪ ಆ ವಾರ ಸುಮಾತ್ರದಿಂದ ಮಲಾಕಕ್ಕೆ ಮರದ ದೋಣಿಯಲ್ಲಿ ಹೊರಡುವವರಿದ್ದರು.

ಕುರ್ಚಿಯಿಂದ ಏಳಲಿಲ್ಲ. ಲಾರಿ ಅಪಘಾತವನ್ನು ಮುಗಿಸಿದೆ. ಆಮೇಲೆ ಟೆಲಿಪ್ರಿಂಟರಿನ ಹಾಳೆಯನ್ನು ಮತ್ತೆ ಎಳೆದುಕೊಂಡು, ನಾನು ಹೊಡೆದುಹಾಕಿದ್ದ ಮೂರು ಸಾಲುಗಳನ್ನು ಓದಿದೆ. ದೋಣಿ ಹೊರಟ ಬಂದರಿನ ಹೆಸರು ಆ ಸಾಲುಗಳಲ್ಲಿತ್ತು. ಓದುಗರಿಗೆ ಬೇಡವೆಂದು ತೆಗೆದಿದ್ದೆ. ಭಾನುವಾರ ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದ ಬಂದರು ಅದೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಉಪಸಂಪಾದಕಿ. ಮಧ್ಯಾಹ್ನ ಒಂದಕ್ಕೆ ಪುಟ ಮುಗಿಯಬೇಕು, ನಾಲ್ಕಕ್ಕೆ ಪತ್ರಿಕೆ ಬೀದಿಗೆ ಬರಬೇಕು. ಸಂಪಾದಕರು ಅರವತ್ತು ದಾಟಿದವರು, ಖಚಿತವಾಗದ ಒಂದು ಪದವನ್ನೂ ಅಚ್ಚಿಗೆ ಬಿಡದವರು. ಅವರ ಕೋಣೆಗೆ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದೆ.

"ನಿಮ್ಮ ಚಿಕ್ಕಪ್ಪ ಈ ದೋಣೀಲೇ ಇದ್ರು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾರ್."

"ಆ ಬಂದರಿಂದ ದಿನಕ್ಕೆ ಎಷ್ಟು ದೋಣಿ ಹೊರಡ್ತವೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಇಟ್ಕೋಮ್ಮ. ಈಗ್ಲೇ ಮನಸ್ಸಲ್ಲಿ ಹೆಡ್ಡಿಂಗ್ ಕೊಟ್ಬಿಡಬೇಡ." ಫೋನನ್ನು ನನ್ನ ಕಡೆಗೆ ತಿರುಗಿಸಿದರು. ನಾನು ಡಯಲ್ ಮಾಡುತ್ತಿದ್ದಾಗ ಮೆಲ್ಲಗೆ ಕೇಳಿದರು: "ಸುದ್ದಿ ತೆಗೆಸ್ಲಾ? ಪುಟ ಇನ್ನೂ ಹೋಗಿಲ್ಲ."

ತೆಗೆಸಬಹುದಿತ್ತು. ಮನೆಗೆ ಆ ಪತ್ರಿಕೆ ಐದು ಗಂಟೆಗೆ ಬರುತ್ತದೆ, ಅಪ್ಪಾಜಿ ಅದನ್ನು ಮರಣವಾರ್ತೆಯವರೆಗೂ ಬಿಡದೆ ಓದುತ್ತಾರೆ. ಆದರೆ ತೆಗೆಸಿದರೆ ನಾನು ಅದನ್ನು ನಂಬಿದಂತೆ ಆಗುತ್ತಿತ್ತು. ಬೇಡ ಸಾರ್, ಇರಲಿ ಅಂದೆ. ಸುದ್ದಿಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿ ಇದಕ್ಕಿಂತ ಹೆಚ್ಚು ಇರಲಿಲ್ಲ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನು ನಾಲ್ಕನೇ ಸಲಕ್ಕೆ ಸಿಕ್ಕಿತು. ಹೆಸರು, ವಯಸ್ಸು ಬರೆದುಕೊಂಡು, ಮಾಹಿತಿ ಬಂದರೆ ತಿಳಿಸುತ್ತೇವೆ ಅಂದರು. ಗುರುತಿಗೆ ಏನಾದರೂ ಇದೆಯೇ ಎಂದೂ ಕೇಳಿದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುತ್ತದೆ, ಅದರೊಳಗೆ ಕಪ್ಪು ಲಿಂಗ ಅಂದೆ. ಹೇಳಿದ ಮೇಲೆ, ಯಾವ ಸಂದರ್ಭದಲ್ಲಿ ಅವರಿಗೆ ಆ ಗುರುತು ಬೇಕಾಗುತ್ತದೆ ಎಂಬುದು ಹೊಳೆಯಿತು.

ಊದುಬತ್ತಿಯವರ ಮನೆಯಿಂದ ಒಬ್ಬರು ಸುಮಾತ್ರಕ್ಕೆ ಯಾಕೆ ಹೋದರೆಂದು ಹೇಳಬೇಕು. ನಮ್ಮ ಹಿರಿಯರು ಮಠಕ್ಕೆ ಧೂಪ ಒದಗಿಸುತ್ತಿದ್ದವರು. ಅಪ್ಪಾಜಿ ಮತ್ತು ಚಿಕ್ಕಪ್ಪ ಅದನ್ನೇ ಬೆಳೆಸಿ ಕೆಸರೆಯಲ್ಲಿ ಬತ್ತಿ ಹೊಸೆಯುವ ಒಂದು ಸಣ್ಣ ಕಾರ್ಖಾನೆ ಮಾಡಿಕೊಂಡಿದ್ದರು. ಬತ್ತಿಗೆ ಬೇಕಾದ ಬಹುಪಾಲು ಇಲ್ಲೇ ಸಿಗುತ್ತದೆ. ಲೋಬಾನ ಮಾತ್ರ ಸಿಗುವುದಿಲ್ಲ. ಅದು ಸುಮಾತ್ರದ ಬೆಟ್ಟದ ಮರಗಳ ಅಂಟು. ತೊಗಟೆ ಗೀರಿದರೆ ಹಾಲಿನಂತೆ ಸುರಿದು ಗಟ್ಟಿಯಾಗುತ್ತದೆ. ಕಂದು ಮುದ್ದೆಯೊಳಗೆ ಬಾದಾಮಿಯಂಥ ಬಿಳಿಯ ಚೂರುಗಳಿದ್ದರೆ ಒಳ್ಳೆಯದು. ಅಪ್ಪಾಜಿ ಒಂದು ಚಿಟಿಕೆ ಕೆಂಡದ ಮೇಲೆ ಹಾಕಿ, ಮೊದಲ ಹೊಗೆಯನ್ನು ಬಿಟ್ಟು ಎರಡನೆಯದನ್ನು ಮೂಸುತ್ತಿದ್ದರು. ಆ ಎರಡು ಮೂರು ವರ್ಷ ಮುಂಬೈಯಿಂದ ಬಂದ ಮೂಟೆಗಳೆಲ್ಲ ರಾಳ ಬೆರೆತವು. ದಾರಿಯಲ್ಲಿ ಯಾರೋ ಬದಲಾಯಿಸುತ್ತಿದ್ದಾರೆ ಎಂಬುದು ಅಪ್ಪಾಜಿಯ ತೀರ್ಮಾನ. ಅದಕ್ಕೇ ಚಿಕ್ಕಪ್ಪ ಬೆಟ್ಟದವರೆಗೂ ಹೋಗಿ, ಮೂಸಿ ಆರಿಸಿ, ತಾವೇ ತರುವುದೆಂದಾಯಿತು.

ದಾರಿಯಲ್ಲಿ ಮೂಟೆ ಬದಲಾಗದಿರಲು ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಮೂಟೆಗಳ ಬಾಯಿ ಬಿಗಿದ ಹಗ್ಗದ ತುದಿಯನ್ನು ಭುಜದ ಮೇಲಿಂದ ತಂದು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡು ಮಲಗುವುದು. ಯಾರಾದರೂ ಮೂಟೆ ಮುಟ್ಟಿದರೆ ಎಚ್ಚರವಾಗುತ್ತದೆ. ಅಪ್ಪಾಜಿ ಹರೆಯದಲ್ಲಿ ಮುಂಬೈಯಿಂದ ರೈಲಿನಲ್ಲಿ ಹಾಗೆ ಬರುತ್ತಿದ್ದರು; ತಮ್ಮನಿಗೂ ಅದನ್ನೇ ಕಲಿಸಿದ್ದರು. ರೈಲಿನಲ್ಲಿ ಅದರಿಂದ ಅಪಾಯವೇನೂ ಇರಲಿಲ್ಲ.

ಚಿಕ್ಕಪ್ಪ ಅಲ್ಲಿದ್ದಾಗಲೇ ಆ ದೇಶದಲ್ಲಿ ಗಲಭೆ ಎದ್ದಿತು. ದೊಡ್ಡ ಬಂದರಿನ ಕಚೇರಿಗಳು ಬಾಗಿಲು ಹಾಕಿದವು. ಹಡಗಿಗೆ ಕಾಯುವ ಬದಲು, ಎದುರು ದಡದ ಮಲಾಕಕ್ಕೆ ಸೌದೆ, ಇದ್ದಿಲು ಹೊರುವ ಮರದ ದೋಣಿಯಲ್ಲಿ ದಾಟಿ, ಅಲ್ಲಿಂದ ಚೆನ್ನೈಗೆ ಹಡಗು ಹಿಡಿಯುತ್ತೇನೆ ಎಂದು ಭಾನುವಾರ ಫೋನು ಮಾಡಿದ್ದರು. ಗೊರಗೊರ ಸದ್ದಿನ ನಡುವೆ ಅಪ್ಪಾಜಿ ಕೂಗಿ ಹೇಳಿದ್ದು ಬೀದಿಗೂ ಕೇಳಿಸಿತ್ತು: "ಏನಾದ್ರೂ ಆಗ್ಲಿ, ಮೂಟೆ ಬುಟ್ಟು ಕದಲ್ಬೇಡ ಕಣೋ!"

ಪತ್ರಿಕೆ ಬೀದಿಗೆ ಬರುವ ಮುಂಚೆ ಕೆಸರೆಗೆ ಹೋಗಬೇಕೆಂದು ಸ್ಕೂಟಿ ಹತ್ತಿದೆ. ಕಾರ್ಖಾನೆಯ ಒಳಗೆ ಹೆಂಗಸರು ಮಣೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು. ಯಾವುದೋ ಮಾತಿಗೆ ನಗು ಎದ್ದಿತ್ತು. ಅಪ್ಪಾಜಿ ನೆಲದ ಮೇಲೆ ಹರಡಿದ ಬತ್ತಿಗಳನ್ನು ಮಗುಚುತ್ತಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡು ಹೊರಗೆ ಬಂದರು. ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಬರುವವಳಲ್ಲ. ಹಾಳೆಯನ್ನು ಕೊಡದೆ ಬಾಯಲ್ಲೇ ಹೇಳಿದೆ, ಗೊತ್ತಿರುವುದು ಎಷ್ಟೋ ಅಷ್ಟನ್ನೇ.

"ದೋಣಿ ಹೆಸರು?"

"ಬರೆದಿಲ್ಲ ಅಪ್ಪಾಜಿ."

"ಎಷ್ಟೊತ್ತಿಗೆ ಮಗುಚ್ತಂತೆ?"

"ಬೆಳಗಿನ ಜಾವ."

ಅವರು ಗೋಡೆಗೆ ಕೈ ಕೊಟ್ಟರು. "ಬೆಳಗಿನ ಜಾವ ಅಂದ್ರೆ ಮಲಗಿರ್ತಾನೆ ಕಣಮ್ಮ. ಹಗ್ಗ ಕಟ್ಕೊಂಡು ಮಲಗಿರ್ತಾನೆ."

ಅಲ್ಲಿಯವರೆಗೆ ನನಗೆ ಹಗ್ಗದ ನೆನಪೇ ಇರಲಿಲ್ಲ. ಈಜು ಬರುತ್ತದೆ, ಕಾವೇರಿಯಲ್ಲಿ ಆಡಿ ಬೆಳೆದವರು, ಹೇಗಾದರೂ ಹಲಗೆ ಹಿಡಿದಿರುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಲೋಬಾನ ನೀರಿನಲ್ಲಿ ತೇಲುವುದಿಲ್ಲ. ಕಲ್ಲಿನಂತೆ ಇಳಿಯುತ್ತದೆ.

"ಅವನಿಗೆ ಹೇಳ್ಬೇಡ," ಎಂದರು ಅಪ್ಪಾಜಿ. ಯಾರನ್ನು ಕುರಿತು ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವರೇ ತಿದ್ದಿಕೊಂಡರು. "ನಿನ್ನ ಚಿಕ್ಕಮ್ಮನಿಗೆ. ಗೊತ್ತಾಗೋವರ್ಗೂ ಹೇಳ್ಬೇಡ."

ನಾವೆಲ್ಲ ಒಟ್ಟಿಗಿದ್ದ ವಿದ್ಯಾರಣ್ಯಪುರಂನ ಮನೆಗೆ ಆ ಸಂಜೆ ಪತ್ರಿಕೆ ಬರದಂತೆ ನೋಡಿಕೊಂಡೆವು. ಚಿಕ್ಕಮ್ಮ ನನಗಿಂತ ಎಂಟು ವರ್ಷಕ್ಕೆ ದೊಡ್ಡವರು, ಮಾತಿನಲ್ಲಿ ಚುರುಕು. ತಟ್ಟೆ ಹಾಕುತ್ತ ಕೇಳಿದರು: "ಏನು ಇವತ್ತು ಪೇಪರ್ ಇಲ್ಲ? ನಿಮ್ಮ ಆಫೀಸ್ನೋರಿಗೆ ಸುದ್ದಿ ಸಿಗ್ಲಿಲ್ವಾ?"

"ಮಿಷನ್ ಕೆಟ್ಟಿತ್ತು ಚಿಕ್ಕಮ್ಮ."

"ಓಹೋ." ಸಾರು ಬಡಿಸಿದರು. ಅಪ್ಪಾಜಿ ತಟ್ಟೆಯಲ್ಲಿ ಅನ್ನವನ್ನು ಕಲೆಸುತ್ತಲೇ ಇದ್ದರು, ಬಾಯಿಗೆ ಹೋಗುತ್ತಿರಲಿಲ್ಲ. ಚಿಕ್ಕಮ್ಮ ಅವರನ್ನೂ ನನ್ನನ್ನೂ ನೋಡಿದರು. "ಊರಿಗೆಲ್ಲ ಸುದ್ದಿ ಹಂಚೋಳು ನೀನು. ಮನೇಲಿ ಸುಳ್ಳು ಹೇಳಕ್ಕೆ ಬರಲ್ಲ ಕಣಮ್ಮ ನಿಂಗೆ. ಭಾವ, ನೀವಾದ್ರೂ ಹೇಳಿ. ಏನಾಗಿದೆ ಅವರಿಗೆ?"

ಅಪ್ಪಾಜಿ ಹೇಳಿದರು. ಹಗ್ಗದ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು. ಚಿಕ್ಕಮ್ಮ ಅಳಲಿಲ್ಲ. ಒಲೆ ಆರಿಸಿ ಬಂದು ನಮ್ಮೆದುರು ಕೂತು, "ಇನ್ಮೇಲೆ ಏನು ಬಂದ್ರೂ ಮೊದಲು ನಂಗೆ ಹೇಳ್ಬೇಕು," ಎಂದರು. ಹಾಗೇ ಆಗಲೆಂದೆ. ಚಿಕ್ಕಪ್ಪನ ಬಗ್ಗೆ ಹೇಳಲು ಐದು ದಿನ ಏನೂ ಸಿಗಲಿಲ್ಲ.

ಭಯವೆಂದರೆ ತಿಳಿಯದಿರುವುದು ಎಂದು ಅದಕ್ಕೆ ಮುಂಚೆ ಅಂದುಕೊಂಡಿದ್ದೆ. ನನ್ನ ಭಯಕ್ಕೆ ಕಾರಣ ನನಗೆ ತಿಳಿದಿದ್ದ ಸಂಗತಿಗಳೇ ಆಗಿದ್ದವು. ಚಿಕ್ಕಪ್ಪ ಹೊರಡುವ ತಿಂಗಳು ಭಾನುವಾರದ ಪುರವಣಿಗೆ, ಲೋಬಾನ ಹಿಂದೆ ಹಾದುಬರುತ್ತಿದ್ದ ಮಲಾಕದ ಹಳೆಯ ಕಡಲ ವ್ಯಾಪಾರದ ಬಗ್ಗೆ ಒಂದು ಲೇಖನ ಬರೆಯಲು ಕೂತಿದ್ದೆ. ಅವರಿಗೆ ದಾರಿಗೆ ಬುತ್ತಿ ಕಟ್ಟಿದ ಹಾಗೆ ಎಂದು ನನ್ನ ಎಣಿಕೆ. ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೂತು ಟಿಪ್ಪಣಿ ಮಾಡಿದ್ದೆ. ನಾನೂರು, ಐನೂರು ವರ್ಷಗಳ ಹಿಂದೆ ನಮ್ಮ ಪೂರ್ವ ಕರಾವಳಿಯ ಬಟ್ಟೆ, ಗುಜರಾತಿನ ಬಟ್ಟೆ ಆ ಬಂದರಿಗೆ ಹೋಗುತ್ತಿತ್ತು. ದೂರದ ದ್ವೀಪಗಳ ಲವಂಗ, ಜಾಯಿಕಾಯಿ, ಸುಮಾತ್ರದ ಕರ್ಪೂರ, ಲೋಬಾನ ಅಲ್ಲಿಂದ ಬರುತ್ತಿದ್ದವು. ಒಂದು ಗಾಳಿಗೆ ಹೋದವರು ಹಿಂದಿರುಗುವ ಗಾಳಿ ಏಳುವವರೆಗೆ ತಿಂಗಳುಗಟ್ಟಲೆ ಅಲ್ಲೇ ಕಾಯಬೇಕು. ಕಾಯುತ್ತ ಕಾಯುತ್ತ ಕೆಲವರು ಅಲ್ಲೇ ಮದುವೆಯಾಗಿ ನಿಂತುಬಿಟ್ಟರು. ಮಾತು ಮಲಯವಾಯಿತು, ಉಡುಗೆ ಮಲಯವಾಯಿತು, ಶಿವಪೂಜೆ ಮಾತ್ರ ಉಳಿಯಿತು. ಬರೆಯುವಾಗ ಇದು ನನಗೆ ಸೊಗಸಾಗಿ ಕಂಡಿತ್ತು.

ಆ ಕಾಲದ ಕಡಲ ಕಟ್ಟಳೆಗಳ ವಿಷಯವೂ ಟಿಪ್ಪಣಿಯಲ್ಲಿತ್ತು. ಹಡಗಿನ ಹೊಟ್ಟೆಯನ್ನು ಪಾಲು ಮಾಡಿ ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಗೂಡು ಕೊಡುತ್ತಿದ್ದರು. ಬಿರುಗಾಳಿ ಎದ್ದು ಭಾರ ಇಳಿಸಬೇಕಾದರೆ, ಹಡಗಿನ ಯಜಮಾನ ಸರಕಿನ ಒಡೆಯರನ್ನೆಲ್ಲ ಕೂಡಿಸಿ ಕೇಳಿಯೇ ಕಡಲಿಗೆ ಎಸೆಯಬೇಕಿತ್ತು. ಊಟದ ಹೊತ್ತಿನಲ್ಲಿ ಇದನ್ನು ಓದಿ ಹೇಳಿದಾಗ ಅಪ್ಪಾಜಿ, "ನ್ಯಾಯವಾದ ಮಾತು. ಕೇಳ್ದೆ ಎಸೀಬಾರ್ದು," ಎಂದಿದ್ದರು. ಚಿಕ್ಕಪ್ಪ ನಕ್ಕು, "ಕೇಳಿದ್ರೆ ನಾನು ನಿನ್ ಕೇಳ್ಬೇಕು, ನಿಂಗೆ ಫೋನ್ ಮಾಡೋವರ್ಗೂ ಬಿರುಗಾಳಿ ನಿಂತ್ಕೋಬೇಕು," ಎಂದಿದ್ದರು. ಎಲ್ಲರೂ ನಕ್ಕಿದ್ದೆವು. ಈಗ ಅದೇ ದೃಶ್ಯ ಕಣ್ಣು ಮುಚ್ಚಿದರೆ ಬರುತ್ತಿತ್ತು. ಯಾರೋ ಬಂದು ಚಿಕ್ಕಪ್ಪನನ್ನು ಅಲುಗಾಡಿಸಿ ಕೇಳುತ್ತಾರೆ, ಇವರು ಬೇಡ ಎನ್ನುತ್ತಾರೆ.

ಎರಡನೇ ದಿನ ಸುದ್ದಿಸಂಸ್ಥೆಯಿಂದ ಮತ್ತೆರಡು ಸಾಲು ಬಂತು. ಕೆಲವು ಶವಗಳು ದಡಕ್ಕೆ ಬಂದಿವೆ, ಎಲ್ಲರ ಗುರುತು ಸಿಕ್ಕಿಲ್ಲ. ಬದುಕಿದವರಲ್ಲಿ ಹಲವರು ಪೊಲೀಸರ ಹೆದರಿಕೆಯಿಂದ ತೋಟಗಳೊಳಗೆ ಓಡಿಹೋಗಿದ್ದಾರೆ. ಚಿಕ್ಕಮ್ಮನಿಗೆ ಓದಿ ಹೇಳಿದೆ. "ಇವರಿಗೆ ಓಡಕ್ಕೆ ಬರಲ್ಲ," ಎಂದರು ಅವರು, ಅಷ್ಟೇ. ಮೂರನೇ ದಿನ ಆ ದೋಣಿಯ ಬಗ್ಗೆ ಎಲ್ಲೂ ಏನೂ ಇರಲಿಲ್ಲ. ಅದು ಇನ್ನು ಸುದ್ದಿಯಲ್ಲ ಎಂಬುದು ನನಗೆ ಗೊತ್ತಿತ್ತು. ನಾನೂ ಬೇರೆಯವರ ಎಷ್ಟೋ ದೋಣಿಗಳನ್ನು ಹಾಗೇ ಬಿಟ್ಟಿದ್ದೆ. ಫೋನು ರಿಂಗಾದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದೆವು, ಯಾರೂ ಮುಟ್ಟುತ್ತಿರಲಿಲ್ಲ. ನಾಲ್ಕೈದು ಸಲ ರಿಂಗಾದ ಮೇಲೆ ನಾನೇ ಎತ್ತುತ್ತಿದ್ದೆ. ಅಪ್ಪಾಜಿ ಲಿಂಗಪೂಜೆಗೆ ಕೂತವರು ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡುತ್ತಲೇ ಇರುತ್ತಿದ್ದರು.

ಆರನೇ ದಿನ ಮಧ್ಯಾಹ್ನ ಊಟಕ್ಕೆ ಬಂದಿದ್ದಾಗ ಫೋನು ರಿಂಗಾಯಿತು. ಎತ್ತಿದೆ. ದೂರದ ಗೊರಗೊರ, ಆಮೇಲೆ ಒಬ್ಬ ಮುದುಕರ ದನಿ, ಇಂಗ್ಲಿಷಿನಲ್ಲಿ. ಮಲಾಕದಿಂದ ಮಾತಾಡುತ್ತಿದ್ದೇನೆ, ನಿಮ್ಮ ಮನೆಯವರೊಬ್ಬರು ನಮ್ಮ ಮನೆಯಲ್ಲಿದ್ದಾರೆ ಎಂದರು. ಬದುಕಿದ್ದಾರೆ ಎಂಬ ಮಾತನ್ನು ನಾನೇ ಕೇಳಿ ಹೇಳಿಸಿಕೊಂಡೆ, ಎರಡು ಸಲ. ಚಿಕ್ಕಮ್ಮನ ಕಡೆಗೆ ತಿರುಗಿ ತಲೆಯಾಡಿಸಿದೆ. ಅವರು ಗೋಡೆಗೊರಗಿ ಹಾಗೇ ಜಾರಿ ಕೂತರು.

ಮುದುಕರು ಒಂದೊಂದಾಗಿ ಹೇಳಿದರು, ನಾನು ಒಂದೊಂದಾಗಿ ಬರೆದುಕೊಂಡೆ. ಮೀನುಗಾರರು ನೀರಿನಿಂದ ಎತ್ತಿದ್ದರು. ಉಳಿದವರು ದಡ ಮುಟ್ಟಿದೊಡನೆ ಓಡಿದರು, ಇವರಿಗೆ ಏಳಲಾಗಲಿಲ್ಲ. ಶಿವ ಶಿವ ಎನ್ನುತ್ತಿದ್ದುದನ್ನು ಕೇಳಿ, ಶಿವಾಲಯದ ಬೀದಿಯವರಿಗೆ ಒಪ್ಪಿಸಿದರೆ ವಾಸಿ ಎಂದು ಮೀನುಗಾರರು ಇಲ್ಲಿಗೆ ತಂದರು. ನಮ್ಮ ಹಿರಿಯರು ನಿಮ್ಮ ಕಡೆಯಿಂದ ಬಟ್ಟೆ ಮಾರಲು ಬಂದು ಇಲ್ಲೇ ನಿಂತವರಂತೆ, ಎಷ್ಟು ತಲೆಮಾರಾಯಿತೋ ತಿಳಿಯದು, ನಮಗೆ ಈಗ ಮಲಯ ಬಿಟ್ಟು ಬೇರೆ ಮನೆಮಾತಿಲ್ಲ ಎಂದರು. ಪುರವಣಿಯಲ್ಲಿ ನಾನು ಒಂದು ವಾಕ್ಯದಲ್ಲಿ ಮುಗಿಸಿದ್ದ ಜನ.

"ಆದರೆ ಅವರು ಊಟ ಮಾಡುತ್ತಿಲ್ಲ," ಎಂದರು. "ಎಳನೀರು ಕುಡಿಸಿದ್ದೇವೆ, ಅದೂ ಬಲವಂತದಿಂದ. ನಿಮ್ಮ ನಂಬರು ಹೇಳಲು ಇವತ್ತಿನವರೆಗೆ ಒಪ್ಪಲಿಲ್ಲ. ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು ಕಾಗದ ಕೇಳುತ್ತಾರೆ, ಕಾಗದ ಕಡಲಿನಲ್ಲಿದೆ. ನಮ್ಮ ವೈದ್ಯರು ನೋಡಿದರು. ಹೀಗೇ ಇದ್ದರೆ ಇನ್ನೆರಡು ಮೂರು ದಿನ ಎಂದಿದ್ದಾರೆ."

ಅಪ್ಪಾಜಿಯನ್ನು ಕೆಸರೆಯಿಂದ ಕರೆತಂದು, ಅವರು ಕೊಟ್ಟ ನಂಬರಿಗೆ ಹತ್ತಿರದ ಫೋನ್ ಬೂತಿನಿಂದ ಫೋನು ಮಾಡಿದೆವು. ಮೂವರೂ ಗಾಜಿನ ಗೂಡಿನೊಳಗೆ ಹಿಡಿಯಲಾರದೆ ನಿಂತೆವು. ರಿಸೀವರು ಅಪ್ಪಾಜಿಯ ಕೈಯಲ್ಲಿತ್ತು, ನಾನೂ ಚಿಕ್ಕಮ್ಮನೂ ಅದಕ್ಕೆ ಕಿವಿ ಹಚ್ಚಿದ್ದೆವು. ಚಿಕ್ಕಪ್ಪನ ದನಿ ಒಣಗಿದ ತೊಗಟೆಯಂತಿತ್ತು.

"ಅಣ್ಣ, ಮೂಟೆ ಹೋದ್ವು."

"ಹಾಳಾಗ್ಲಿ ಮೂಟೆ. ಉಣ್ಣಲ್ವಂತೆ ಯಾಕೋ?"

"ಲಿಂಗ ಹೋಯ್ತು."

ಅಪ್ಪಾಜಿ ಕಣ್ಣು ಮುಚ್ಚಿದರು. ನಮ್ಮಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಅಪ್ಪಾಜಿ ಜ್ವರದಲ್ಲಿ ಪ್ರಜ್ಞೆ ತಪ್ಪಿದ ದಿನ ಬಿಟ್ಟರೆ ಅದನ್ನು ಮೀರಿದವರಲ್ಲ, ತಮ್ಮನನ್ನು ಮೀರಲು ಬಿಟ್ಟವರೂ ಅಲ್ಲ. ಆದರೂ ಹೇಳಿದರು: "ನೀರಿಗೆ ಬಿದ್ದೋನಿಗೆ ಹೋಗ್ದೆ ಇರ್ತದಾ? ಅದು ನಿನ್ ತಪ್ಪಲ್ಲ ಕಣೋ. ಉಣ್ಣು."

"ತಾನಾಗಿ ಹೋಗ್ಲಿಲ್ಲ ಅಣ್ಣ. ನಾನೇ ಕುಯ್ದೆ."

ಆಮೇಲೆ ಅವರು ಹೇಳಿದ್ದನ್ನು ನಾನು ಬರೆದುಕೊಳ್ಳಲಿಲ್ಲ, ಆದರೆ ಒಂದು ಪದವೂ ಮರೆತಿಲ್ಲ. ದೋಣಿಯ ಯಜಮಾನ ಮೂಟೆ ಎಸೆಯೋಣವೇ ಎಂದು ಕೈಸನ್ನೆಯಲ್ಲಿ ಕೇಳಿದ್ದ. ಇವರು ಬೇಡವೆಂದು ತಲೆಯಾಡಿಸಿದ್ದರು. ಅವನು ಇನ್ನೊಮ್ಮೆ ಕೇಳುವ ಮೊದಲೇ ದೋಣಿ ಮಗುಚಿತು. ಮೂಟೆಗಳು ಇಳಿಯುತ್ತ ಹಗ್ಗ ಎಳೆಯಿತು, ಸೊಂಟದಿಂದ ಎದೆಗೆ, ಎದೆಯಿಂದ ಕೊರಳಿಗೆ ಬಂದು ಲಿಂಗದ ಕರಡಿಗೆ ಕಟ್ಟಿದ ಶಿವದಾರದ ಜೊತೆ ಹೊಸೆದುಕೊಂಡಿತು. ಮಗುಚಿದ ದೋಣಿಯ ಅಂಚು ಹಿಡಿದಿದ್ದ ಯಜಮಾನ ಒಂದು ಚಾಕುವನ್ನು ಇವರ ಕೈಗೆ ತುರುಕಿದ.

"ಎರಡೂ ಒಂದಾಗ್ಬುಟ್ಟಿದ್ವು. ಆದ್ರೂ ಬೆರಳಿಗೆ ಗೊತ್ತಾಯ್ತು ಅಣ್ಣ. ಇದು ಹಗ್ಗ, ಇದು ಶಿವದಾರ ಅಂತ ಗೊತ್ತಿದ್ದೇ ಕುಯ್ದೆ. ಜೀವದ ಆಸೆಗೆ ಕುಯ್ದೆ. ಹೆಂಗುಣ್ಲಿ ಹೇಳು?"

"ನಾನ್ ಹೇಳ್ತೀನಿ, ಉಣ್ಣೋ."

"ಮೂಟೆ ಬುಡ್ಬೇಡ ಅಂತ್ಲೂ ನೀನೇ ಹೇಳಿದ್ದೆ."

ಕೋಪದಿಂದ ಹೇಳಿದ ಮಾತಲ್ಲ ಅದು. ಮಗು ನೆನಪು ಮಾಡಿಕೊಟ್ಟ ಹಾಗೆ ಹೇಳಿದರು. ಅಪ್ಪಾಜಿ ರಿಸೀವರನ್ನು ನನ್ನ ಕೈಗೆ ಕೊಟ್ಟು ಗೂಡಿನಿಂದ ಹೊರಗೆ ಹೋದರು. ಅಷ್ಟರಲ್ಲಿ ಲೈನು ಕಡಿದ ಸದ್ದು. ಚಿಕ್ಕಮ್ಮ ಅಪ್ಪಾಜಿಯ ಹಿಂದೆಯೇ ಹೋಗಿ ಎದುರು ನಿಂತರು. ಮನೆಯ ಸೊಸೆಯಾಗಿ ಬಂದಾಗಿನಿಂದ ಅವರು ಭಾವನ ಎದುರು ಹಾಗೆ ನಿಂತಿದ್ದನ್ನು ನಾನು ನೋಡಿರಲಿಲ್ಲ.

"ಹಗ್ಗದ ವಿಷಯ ನಂಗೆ ಯಾಕೆ ಹೇಳ್ಲಿಲ್ಲ ಭಾವ?"

"ತಪ್ಪಾಯ್ತು ಕಣಮ್ಮ."

"ತಪ್ಪಿನ ಮಾತು ಆಮೇಲೆ. ಅವರು ಯಾರ ಮಾತು ಕೇಳಿ ಉಣ್ತಾರೆ? ಅದು ಹೇಳಿ."

ಮರುದಿನ ಬೆಳಿಗ್ಗೆ ಮಠಕ್ಕೆ ಹೋದೆವು. ಏಳನೇ ದಿನ. ಹಿಂದಿನ ಸಂಜೆಯೇ ಹೋಗಿದ್ದೆವು, ಸ್ವಾಮಿಗಳು ಊರಲ್ಲಿರಲಿಲ್ಲ. ಲಿಂಗ ಕಳೆದುಹೋದರೆ ಪ್ರಾಣ ಬಿಡಬೇಕೆಂಬ ಹಳೆಯ ಕಟ್ಟು ನಮ್ಮ ಹಿರಿಯರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಸ್ವಾಮಿಗಳೂ ಹಳಬರು. ಅವರು ಏನೆನ್ನುತ್ತಾರೋ ಎಂಬ ಹೆದರಿಕೆ ಕಡಲಿನ ಹೆದರಿಕೆಗಿಂತ ಕಡಿಮೆಯಿರಲಿಲ್ಲ. ಕಡಲು ಆಗಲೇ ಬಿಟ್ಟುಕೊಟ್ಟಿತ್ತು. ಇನ್ನು ಇವರು ಬಿಟ್ಟುಕೊಡಬೇಕಿತ್ತು.

ಅಪ್ಪಾಜಿ ನೆಲಕ್ಕೆ ಹಣೆ ಹಚ್ಚಿ, ಏಳದೆಯೇ ಎಲ್ಲವನ್ನೂ ಹೇಳಿದರು. ತಾವು ಹೇಳಿಕೊಟ್ಟ ಹಗ್ಗದಿಂದ ಮೊದಲುಮಾಡಿದರು. ಚಾಕುವಿನ ಮಾತು ಬಂದಾಗ ದನಿ ನಿಂತಿತು. ಚಿಕ್ಕಮ್ಮ ಮುಂದುವರಿಸಿದರು: "ಅವ್ರೇ ಕುಯ್ದವ್ರೆ ಬುದ್ಧಿ. ಗೊತ್ತಿದ್ದೇ ಕುಯ್ದವ್ರೆ. ನೀವು ಏನು ಶಿಕ್ಷೆ ಕೊಟ್ರೂ ಕೊಡಿ, ಊಟ ಮಾಡಿದ್ಮೇಲೆ ಕೊಡಿ."

ಸ್ವಾಮಿಗಳು ಕೇಳಿದರು: "ಎಷ್ಟು ದಿನ ಆಯ್ತು?"

"ಇವತ್ತಿಗೆ ಏಳು ಬುದ್ಧಿ."

"ಫೋನ್ ಎಲ್ಲಿದೆ?"

ಮಠದ ಫೋನಿನಿಂದ ಹೊರದೇಶಕ್ಕೆ ಹೋಗುತ್ತಿರಲಿಲ್ಲ. ಪಾದುಕೆ ಮೆಟ್ಟಿ ಹೊರಟೇಬಿಟ್ಟರು. ಬೀದಿಯ ತುದಿಯ ಬೂತಿನವನು ಅವರನ್ನು ಕಂಡು ಗಾಬರಿಬಿದ್ದು ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿ ತಂದ. ಒಳಗಿದ್ದ ಒಬ್ಬಾತ ಮಾತು ಅರ್ಧಕ್ಕೇ ಬಿಟ್ಟು ಹೊರಬಂದ. ನಂಬರು ಒತ್ತುವಾಗ ನನ್ನ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ಮುದುಕರು ಎತ್ತಿಕೊಂಡರು. ನಮ್ಮ ಗುರುಗಳು ಮಾತಾಡುತ್ತಾರೆ, ಅವರ ಅಣ್ಣನೂ ಇಲ್ಲೇ ಇದ್ದಾರೆಂದು ತಿಳಿಸಿ ಎಂದೆ. ಅವರು ತಮ್ಮವರಿಗೆ ಮಲಯದಲ್ಲಿ ಏನೋ ಹೇಳಿದರು, ಆ ಕಡೆ ಓಡಾಟದ ಸದ್ದು ಕೇಳಿಸಿತು. ಎದ್ದು ಬರಲು ಅವರಿಗೆ ಶಕ್ತಿಯಿಲ್ಲ, ಫೋನನ್ನೇ ಹಾಸಿಗೆಗೆ ಒಯ್ಯುತ್ತಿದ್ದೇವೆ ಎಂದರು. ಅದು ಬಹಳ ಹೊತ್ತು ಹಿಡಿಯಿತು.

ಸ್ವಾಮಿಗಳು ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದರು. ಫೋನಿನಲ್ಲಿ ಮಾತಾಡಿ ಅಭ್ಯಾಸ ಕಡಿಮೆ. ಅದರಿಂದಲೇ ನಮಗೂ ಕೇಳಿಸಿತು.

"ಯಾರಪ್ಪಾ?"

"ನಾನು ಬುದ್ಧಿ." ದನಿ ಹಿಂದಿನ ದಿನಕ್ಕಿಂತ ಕ್ಷೀಣವಾಗಿತ್ತು.

"ಎಡಗೈ ಚಾಚು. ಚಾಚಿದ್ಯಾ?"

"ಚಾಚಿದ್ದೀನಿ ಬುದ್ಧಿ."

"ಅಂಗೈ ಇದ್ಯಾ?"

"ಇದೆ ಬುದ್ಧಿ."

"ಅದನ್ನೇನೂ ಕುಯ್ದಿಲ್ವಲ್ಲ?"

"ಇಲ್ಲ ಬುದ್ಧಿ."

"ಹಂಗಾದ್ರೆ ಪೂಜೆಗೆ ಜಾಗ ಉಳಿದಿದೆ. ಕುಯ್ದ ಲೆಕ್ಕ ನೀನು ಇಲ್ಲಿಗೆ ಬಂದು ನಮ್ಮ ಮುಂದೆ ಕೂತಾಗ ನೋಡೋಣ. ಬರಬೇಕಾದ್ರೆ ಜೀವ ಬೇಕು. ಲಿಂಗ ನಾವು ಕೊಡ್ತೀವಿ, ಅಲ್ಲಿವರ್ಗೂ ಬರೀ ಅಂಗೈ ನೋಡು. ನೋಡಿ ಉಣ್ಣು. ಇದು ನಮ್ಮ ಅಪ್ಪಣೆ."

ಆ ಕಡೆಯಿಂದ ಉತ್ತರ ಬರಲಿಲ್ಲ. ಸ್ವಾಮಿಗಳು ಮತ್ತೆ ಹೇಳಲಿಲ್ಲ, ರಿಸೀವರನ್ನು ಹಾಗೇ ಹಿಡಿದು ಕೂತರು. ಬೂತಿನ ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಬೂತಿನವನು ಅದಕ್ಕೆ ಒಂದು ಪುಸ್ತಕವನ್ನು ಅಡ್ಡ ಇಟ್ಟು ಮರೆಮಾಡಿದ. ಒಬ್ಬ ಹೆಂಗಸಿನ ದನಿ ಮಲಯದಲ್ಲಿ ಏನೋ ಕೇಳಿತು. ಮುದುಕರು ಇಂಗ್ಲಿಷಿನಲ್ಲಿ ನನಗಾಗಿ ಕೂಗಿ ಹೇಳಿದರು, ಮೀನು ಮುಟ್ಟದ ಬೇರೆ ಪಾತ್ರೆಯಲ್ಲಿ ಗಂಜಿ ಮಾಡಿಸಿದ್ದೇವೆ, ಪಲ್ಯವೂ ಇದೆ, ಈಗ ಕೈ ನೋಡುತ್ತಿದ್ದಾರೆ ಎಂದು. ಅಪ್ಪಾಜಿಯ ತುಟಿ ಅಲುಗುತ್ತಿತ್ತು.

ಲೋಹದ ಚಮಚ ತಟ್ಟೆಗೆ ತಗಲಿದ ಸದ್ದು ಬಂತು. ಅದರ ಹಿಂದೆಯೇ ಕೆಮ್ಮು. ಒಂದೇ ಸಮನೆ ಕೆಮ್ಮು, ಉಸಿರು ಸಿಕ್ಕಿಕೊಂಡಂಥದು. ಆ ಕಡೆ ಎಲ್ಲರೂ ಒಟ್ಟಿಗೆ ಕೂಗಾಡಿದರು. ಇಷ್ಟು ದಿನ ತಿನ್ನದ ಗಂಟಲಿಗೆ ಏಕಾಏಕಿ ಅನ್ನ ಇಳಿಸಿ ಕೊಂದುಬಿಟ್ಟೆವು ಎಂದುಕೊಂಡೆ. ಚಿಕ್ಕಮ್ಮ ನನ್ನ ಮೊಣಕೈಯನ್ನು ಉಗುರು ನಾಟುವಂತೆ ಹಿಡಿದಿದ್ದರು. ಕೆಮ್ಮು ನಿಂತಿತು. ಆಮೇಲೆ ಚಿಕ್ಕಪ್ಪನ ದನಿ, ಬಹಳ ಮೆಲ್ಲಗೆ:

"ಖಾರ ಜಾಸ್ತಿ ಕಣಣ್ಣ."

ಸ್ವಾಮಿಗಳು ರಿಸೀವರನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಎದ್ದರು. ಅಪ್ಪಾಜಿ ಬೂತಿನ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡರು. ಕಾಗದ ಪತ್ರ ಸರಿಮಾಡಿಸಿ ಚಿಕ್ಕಪ್ಪನನ್ನು ಊರಿಗೆ ಕರೆಸಿಕೊಳ್ಳಲು ಎರಡು ತಿಂಗಳಿಗಿಂತ ಹೆಚ್ಚೇ ಹಿಡಿಯಿತು, ಆ ಮಾತು ಬೇರೆ. ಆ ದೋಣಿಯಲ್ಲಿದ್ದ ಉಳಿದವರ ಲೆಕ್ಕ ನನಗೆ ಎಲ್ಲೂ ಸಿಗಲಿಲ್ಲ, ಹುಡುಕಿದೆ.

ಆ ಬೆಳಿಗ್ಗೆ ಬೂತಿನೊಳಗೆ ಚಿಕ್ಕಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು ನಿಂತಿದ್ದರು. "ನಿಧಾನಕ್ಕೆ ತಿನ್ನಿ, ಯಾರೂ ಕಿತ್ಕೊಳ್ಳಲ್ಲ," ಎಂದರು ಒಮ್ಮೆ. ಆಮೇಲೆ ಪ್ರತಿ ತುತ್ತಿಗೂ "ಹ್ಞೂಂ" ಎನ್ನುತ್ತಿದ್ದರು. ನಡುವೆ "ಹ್ಞೂಂ" ಸ್ವಲ್ಪ ತಡವಾದರೂ ಅಪ್ಪಾಜಿ ಮೆಟ್ಟಿಲಿನಿಂದ ತಲೆಯೆತ್ತಿ ಒಳಗೆ ನೋಡುತ್ತಿದ್ದರು.